ಧಾರೂರು ಜಾತ್ರೆಗೆ ಬುತ್ತಿ ಕಟ್ಟಿದವರು

ಭಾತಂಬ್ರಾ ಅಂದರೆ ಎಲ್ಲರೂ ಮೊದಲು ಕೋಟೆಯ ಮಾತು ತೆಗೆಯುತ್ತಾರೆ. ಅದೇ ಭಾಲ್ಕಿ, ಔರಾದ್, ಬೀದರ್ ಸುತ್ತಿನ ಕೇರಿಗಳಲ್ಲಿ ಇರುವ ಮೆಥೋಡಿಸ್ಟ್ ಕ್ರೈಸ್ತರ ಚರಿತ್ರೆ ಕೇಳಿದರೆ ತೋರಿಸಲು ಕೋಟೆ, ಬುರುಜು ಇಲ್ಲ. ಯಾರು ಯಾರ ಮನೆಗೆ ಹೋದರು, ಯಾರ ಪಕ್ಕ ಕೂತು ಉಂಡರು ಎಂಬುದೇ ಆ ಚರಿತ್ರೆ. ಹಾಗಾಗಿ ನಾವು ಅಲ್ಲಿಂದಲೇ ಹುಡುಕಿದೆವು.

ಮೂಲ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ, ಅದೂ ಒಂದು ಸಾಲದಲ್ಲಿ! 1742ರಲ್ಲಿ ಬ್ರಿಸ್ಟಲ್ ಎಂಬ ಊರಿನಲ್ಲಿ ಜಾನ್ ವೆಸ್ಲಿಯ ಜನ ಕಟ್ಟಿದ ಪ್ರಾರ್ಥನಾಮಂದಿರದ ಸಾಲ ತೀರಬೇಕಿತ್ತು. ತಲೆಗೆ ವಾರಕ್ಕೊಂದು ಪೆನ್ನಿ ಕೊಡೋಣ ಎಂದು ಒಬ್ಬ ಸೂಚಿಸಿದ. ಬಡವರು ಎಲ್ಲಿಂದ ತಂದಾರು ಎಂಬ ಪ್ರಶ್ನೆ ಬಂತು. ಹನ್ನೊಂದು ಕಡುಬಡವರನ್ನು ನನ್ನ ಪಾಲಿಗೆ ಬಿಡಿ, ಅವರಿಂದ ಆಗದಿದ್ದರೆ ನಾನೇ ತುಂಬುತ್ತೇನೆ ಎಂದ ಆತ. ಹೀಗೆ ವಸೂಲಿಗೆ ಮನೆಮನೆ ತಿರುಗಿದವರ ಕಣ್ಣಿಗೆ ಯಾರು ಕುಡಿತಕ್ಕೆ ಬಿದ್ದಿದ್ದಾರೆ, ಯಾವ ಮನೆಯಲ್ಲಿ ಗಂಡ ಹೆಂಡಿರ ಜಗಳ ಎಂಬುದೂ ಬಿತ್ತು. ಆಮೇಲೆ ಅದೇ ರೂಢಿಯಾಯಿತು. ಹನ್ನೆರಡು ಜನರ ಒಂದು ಗುಂಪು, ಗುಂಪಿಗೊಬ್ಬ ಮುಖ್ಯಸ್ಥ, ವಾರಕ್ಕೊಮ್ಮೆ ಪ್ರತಿಯೊಬ್ಬರನ್ನೂ ಕಂಡು ಹೇಗಿದ್ದೀರಿ ಎಂದು ಕೇಳುವುದು. ಪೆನ್ನಿಗಾಗಿ ಹುಟ್ಟಿದ ಈ ಭೇಟಿಯೇ ಮೆಥೋಡಿಸ್ಟರ ಬೆನ್ನೆಲುಬು ಎಂದು ನಮ್ಮ ಅನಿಸಿಕೆ.

19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಮೆಥೋಡಿಸ್ಟರು ನಿಜಾಮರ ಸೀಮೆಗೆ ಬಂದಾಗ ಈ ರೂಢಿಯೂ ಜೊತೆಗೆ ಬಂತು. ಆದರೆ ಹಳ್ಳಿಯಲ್ಲಿ ಅದನ್ನು ನಡೆಸಿದವರು ಹೆಚ್ಚಾಗಿ ಇಲ್ಲಿಯವರೇ: ಊರೂರು ತಿರುಗುವ ಬೋಧಕ, ಹೆಂಗಸರೊಡನೆ ಕೂತು ಮಾತಾಡುವ ಅವನ ಹೆಂಡತಿ. ಊರಬಾವಿಯ ಹತ್ತಿರ ಬರಬೇಡ ಅನಿಸಿಕೊಂಡವರ ಮನೆಗೆ ಒಬ್ಬರು ಬಂದು, ಕೂತು, ನೀರು ಕೇಳಿ ಕುಡಿಯುವುದು ಆ ಕಾಲಕ್ಕೆ ಸಣ್ಣ ಸಂಗತಿಯೇ? ಕಲ್ಯಾಣದ ಶರಣರು ಇದೇ ಸೀಮೆಯಲ್ಲಿ 12ನೇ ಶತಮಾನದಲ್ಲೇ ಜಾತಿ ಬದಿಗಿಟ್ಟು ಕೂಡಿ ಉಂಡಿದ್ದರು ಎಂಬುದನ್ನು ಊರು ಮರೆತಿತ್ತು.

1923ರಲ್ಲಿ ವಿಕಾರಾಬಾದ್ ಹತ್ತಿರದ ಧಾರೂರಿನಲ್ಲಿ ಕ್ರೈಸ್ತರ ಜಾತ್ರೆ ಶುರುವಾಯಿತು. ಸಮ್ಮೇಳನ, ಮಹಾಸಭೆ ಎಂದೆಲ್ಲ ಕರೆಯದೆ ಜಾತ್ರೆ ಅಂದಿದ್ದು ನಮಗೆ ಬಹಳ ಹಿಡಿಸಿತು. ಆಗ ಭಾಲ್ಕಿಗೆ ರೈಲು ಬಂದಿರಲಿಲ್ಲ. ಹೋಗಬೇಕೆಂದರೆ ಬಂಡಿ, ಇಲ್ಲವೇ ಕಾಲು. ನವೆಂಬರಿನಲ್ಲಿ ಒಂದು ವಾರ ಡೇರೆ ಹಾಕಿ, ಒಲೆ ಹೂಡಿ ಇರುವುದು. ಪಕ್ಕದ ಡೇರೆಯವರ ಭಾಷೆ ಬೇರೆ, ಸಾರಿನ ರುಚಿ ಬೇರೆ.

1956ರಲ್ಲಿ ನಮ್ಮ ಬೀದರ್ ಜಿಲ್ಲೆಯೇ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರಿಗೆ. ಉದಗೀರ, ನಿಲಂಗಾ, ಅಹ್ಮದಪುರ ಮುಂಬೈಗೆ. ಜಹೀರಾಬಾದ್, ನಾರಾಯಣಖೇಡ್ ಆಂಧ್ರಕ್ಕೆ. ಬೀಗರು ಒಂದೇ ವರ್ಷದಲ್ಲಿ ಹೊರರಾಜ್ಯದವರಾದರು. ಅದಕ್ಕೂ ಮೊದಲು, 1950ರಲ್ಲಿ, ರಾಷ್ಟ್ರಪತಿಗಳ ಆದೇಶ ಇನ್ನೊಂದು ಗೆರೆ ಎಳೆದಿತ್ತು: ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿಲ್ಲ. ಕರ್ನಾಟಕದಲ್ಲಿ ಅವರು ಪ್ರವರ್ಗ-1. ಅಣ್ಣನಿಗೊಂದು ಸರ್ಟಿಫಿಕೇಟ್, ತಮ್ಮನಿಗೊಂದು ಆಗಬಹುದು. ಜಾತಿಯ ಅವಮಾನ ಮಾತ್ರ ಇಬ್ಬರಿಗೂ ಒಂದೇ. ಇದು ಅನ್ಯಾಯ ಎಂದೇ ನಾವು ಹೇಳುತ್ತೇವೆ.

ಸಾವಿನ ಮನೆಗೆ ಅನ್ನ ಹೊತ್ತು ಹೋಗುವಾಗ ಕೇರಿಯಲ್ಲಿ ಯಾರೂ ಆ ಸರ್ಟಿಫಿಕೇಟ್ ಕೇಳುವುದಿಲ್ಲ. ಧಾರೂರು ಈಗ ತೆಲಂಗಾಣದಲ್ಲಿದೆ. ಭಾಲ್ಕಿಯಿಂದ ವಿಕಾರಾಬಾದಿಗೆ ರೈಲಿದೆ. ನವೆಂಬರ್ ಬಂದರೆ ನಮ್ಮ ಕಡೆಯವರು ಈಗಲೂ ಜೋಳದ ರೊಟ್ಟಿ ಕಟ್ಟಿಕೊಂಡು ಹೊರಡುತ್ತಾರೆ, ಡೇರೆಯ ಪಕ್ಕದವರಿಗೂ ಸೇರಿಸಿ.