ಕಂಬ, ಗಾಳ ಮತ್ತು ನಮ್ಮ ಲೈನ್‌ಮನ್ ಕಾಕಾ

ಸಂಘದ ಅಧ್ಯಕ್ಷರು, ಕಾರ್ಯದರ್ಶಿಗಳನ್ನು ಈ ಸಂಚಿಕೆಯಲ್ಲಿ ಹಲವರು ನೆನೆದಿದ್ದಾರೆ. ನಾವು ನಿವೃತ್ತ ಲೈನ್‌ಮನ್ ಕಾಕಾರನ್ನು ನೆನೆಯುತ್ತೇವೆ. ನೌಕರಿ 1957ರಲ್ಲಿ ಹುಟ್ಟಿದ ವಿದ್ಯುತ್ ಮಂಡಳಿಯದು, ಜೀವ ಮಾತ್ರ ಅಡವಿಯದು.

ಸುರಪುರ ಬೇಡ ನಾಯಕರ ಸಂಸ್ಥಾನ. ಬೇಡ ಅಂದರೇನೇ ಬೇಟೆಗಾರ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಮುರಿದು ರಾಜ್ಯ ಹೋಯಿತು, ಬೇಟೆಯ ಹುಚ್ಚು ಹೋಗಲಿಲ್ಲ. ಕಾಕಾ ಸಹ ಮೊಲ, ಕೌಜುಗದ ಬೆನ್ನು ಹತ್ತಿದವರೇ. ರಜೆ ಸಿಕ್ಕರೆ ರೊಟ್ಟಿಬುತ್ತಿ, ಕಂಬಳಿ ಹೊತ್ತು ಕೃಷ್ಣೆಯ ದಂಡೆ ಸೇರಿ, ಬಾಳೆಮೀನಿಗೆ ಗಾಳ ಹಾಕಿ ಅಲ್ಲೇ ಮಲಗುವರು. ಮನೆಯವರ ಬೈಗುಳ ಬೇರೆ!

1972ರ ವನ್ಯಜೀವಿ ಕಾಯ್ದೆಯ ಬಿಸಿ ಹಳ್ಳಿಗೆ ನಿಧಾನವಾಗಿ ತಟ್ಟಿತು. ಬಲೆ ಅಟ್ಟ ಸೇರಿತು, ಗಾಳ ಉಳಿಯಿತು. ಆಮೇಲೆ ಅವರು ಬೋನಾಳ ಕೆರೆಗೆ ಹೋಗುತ್ತಿದ್ದುದು ಬರಿ ಹಕ್ಕಿ ನೋಡೋದಕ್ಕೆ. 1841ರಲ್ಲಿ ಸುರಪುರಕ್ಕೆ ಬಂದ ಮೆಡೋಸ್ ಟೇಲರ್ ಸಾಹೇಬರು ದುರಸ್ತಿ ಮಾಡಿಸಿದ ಈ ಕೆರೆ ಈಗ ಪಕ್ಷಿಧಾಮ. ಕೊಂದದ್ದನ್ನು ನಾವು ಹೊಗಳುತ್ತಿಲ್ಲ. ಆದರೆ ಮಳೆಗಾಲದ ಕತ್ತಲಲ್ಲಿ ತಂತಿ ಹರಿದಾಗ ಯಾವ ಹಳ್ಳ ಎಲ್ಲಿ ದಾಟಬೇಕೆಂಬುದನ್ನು ಅವರಿಗೆ ಕಲಿಸಿದ್ದು ಅದೇ ಅಡವಿ. 2002ರಿಂದ ಲೈನು ಜೆಸ್ಕಾಂನದು. ಹೊಸ ಹುಡುಗರ ಕೈಯಲ್ಲಿ ಮೊಬೈಲಿದೆ, ಹಳ್ಳದ ದಾರಿ ಕೇಳಲು ಕಾಕಾ ಇಲ್ಲ.