ಟಿಕೆಟ್ಟಿನ ದುಡ್ಡು, ಮಕ್ಕಳ ರೊಟ್ಟಿ: ಗದುಗಿನ ವೀರೇಶ್ವರ ಪುಣ್ಯಾಶ್ರಮ

ನನ್ನೂರು ಗದ್ವಾಲ, 1956ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ಮಕ್ತಲ್, ನಾರಾಯಣಪೇಟೆಯ ನೆಂಟರ ಮನೆಗಳಲ್ಲಿ ಈಗಲೂ ಕನ್ನಡ ಅದ. ನಮ್ಮ ಕಡೆ ಅನಾಥಾಶ್ರಮ ಅಂದ್ರೆ ಮೊದಲು ಕಾಣೋದು ದಾನಿಗಳ ಹೆಸರು ಕೆತ್ತಿದ ಕಲ್ಲು. ಗದುಗಿನ ಕಥೆ ಬೇರೆ.

ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು (1892–1944) ಅಂಧ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿದರು. ಗದುಗಿನಲ್ಲಿ ಬಸರಿಗಿಡದ ವೀರಪ್ಪನವರ ನೆರವಿನಿಂದ ನೆಲೆ ಸಿಕ್ಕಿತು. ಸೂರಿಗೆ ಒಬ್ಬ ದಾನಿ ಸಾಕು, ದಿನಾ ಎರಡು ಹೊತ್ತಿನ ರೊಟ್ಟಿಗೆ? ಅದಕ್ಕೇ ನಾಟಕದ ಕಂಪನಿ. ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ತಾವೂ ಅಂಧರು. ನಾಟಕ ಬರೆದರು, ಆಡಿಸಿದರು. ಮುಂದೆ ಭಕ್ತರು ಅವರಿಗೆ ನಾಣ್ಯಗಳಲ್ಲಿ ಮಾಡಿದ ತುಲಾಭಾರದ ಹಣವೂ ಆಶ್ರಮಕ್ಕೇ ಹೋಯ್ತು.

ನನ್ನ ತಕರಾರು ಇರೋದು ನಮ್ಮ ಸಾಹಿತ್ಯ ಚರಿತ್ರೆಗಳ ಜೊತೆ. ಕಂಪನಿ ನಾಟಕಗಳನ್ನು ‘ಜನಪ್ರಿಯ’ ಅಂತ ಒಂದು ಪ್ಯಾರಾದಲ್ಲಿ ಮುಗಿಸಿಬಿಡ್ತೇವೆ (ನನ್ನ ಟಿಪ್ಪಣಿಯಲ್ಲೂ ಹಾಗೇ ಇತ್ತು). ಈ ನಾಟಕಗಳನ್ನು ಸಂಭಾಷಣೆ ನೋಡಿ ಮಾತ್ರ ಅಳೆಯೋಕಾಗಲ್ಲ, ಅಡುಗೆಮನೆಯ ಲೆಕ್ಕದ ಜೊತೆಗೂ ಓದಬೇಕು. ಟಿಕೆಟ್ ಕೊಂಡವನು ದಾನ ಕೊಟ್ಟೆ ಅಂದುಕೊಳ್ಳಲಿಲ್ಲ. ನಾಟಕ ನೋಡಿ ಮನೆಗೆ ಹೋದ. ಹಾಗಾಗಿ ಆಶ್ರಮದ ಹುಡುಗರು ಅವನೆದುರು ಕೈ ಚಾಚಬೇಕಾಗಲಿಲ್ಲ, ಹಾಡಿದರೆ ಸಾಕಿತ್ತು.