ಎಲಿ ಕಟ್ಟಿನ ಕಥಿ, ಭಾಗ 3: ಕಷ್ಟದ ಕಟ್ಟು ಆರಿಸಿಕೊಂಡ ಅರಸ

"ಮಾಮಾ, ಯಾವ ಡೆಕ್ ಒಯ್ಲಿ?"

ಅಕ್ಕನ ಮಗ ಬೆಂಗಳೂರಿಂದ ಹರ್ತಿಗೆ ಬಂದಾನ. ಅವ್ವ ಕೊಟ್ಟ ಚಹಾ ಆರಿ ತಣ್ಣಗಾದರೂ ಇವನ ಕಣ್ಣು ಕಟ್ಟಿ ಮೇಲೆ ಇಟ್ಟ ಎರಡು ಡಬ್ಬಿ ಬಿಟ್ಟು ಕದಲಲಿಲ್ಲ. (ಮೊದಲ ಫೋಟೋ ಅದೇ.) ಎರಡರಲ್ಲೂ ಅರವತ್ತರವತ್ತು ಎಲಿ. ಆಟದ ಹೆಸರು ಮ್ಯಾಜಿಕ್: ದ ಗ್ಯಾದರಿಂಗ್. 1993ರಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ಮಾಡಿದ್ದು. ನಮ್ಮ ಇಸ್ಪೀಟಿನ ಹಾಗೆ ಎಲ್ಲರಿಗೂ ಸೇರಿ ಒಂದೇ ಕಟ್ಟು ಅಲ್ಲ ಇಲ್ಲಿ. ಎಲಿ ಕೊಂಡು, ಬದಲಾಯಿಸಿ, ಕೂಡಿಸಿ ತನ್ನ ಕಟ್ಟು ತಾನೇ ಕಟ್ಟಿಕೊಂಡು ಹೋಗಬೇಕು.

ಇವನ ಒಂದು ಡೆಕ್ ಸರಳ. ಮೊದಲ ಸರದಿಯಿಂದ ಹೊಡೀತಾ ಹೋಗೋದು, ಅಷ್ಟೇ. ಇನ್ನೊಂದು ಒಂದರ ಬೆನ್ನಿಗೆ ಒಂದು ಹತ್ತು ಎಲಿ ಇಳಿಸಿ ಒಂದೇ ಸರದಿಗೆ ಆಟ ಮುಗಿಸೋದು. ನಡುವೆ ಒಂದು ಎಲಿ ಹಿಂದುಮುಂದಾದರೆ ಕತಿ ಮುಗೀತು. ಹೋದ ಸಲ ಆ ಡೆಕ್ ಒಯ್ದು ಸೋತು ಬಂದಾನ. ಆದರೂ ಮನಸ್ಸು ಅದರ ಮೇಲೇ.

ಅವನಿಗೆ ನಾನು ಹೇಳಿದ್ದು ಮೈಸೂರಿನ ಒಬ್ಬ ಅರಸನ ಕತಿ. ನಿಮಗೂ ಹೇಳ್ತೀನಿ.

ಅದಕ್ಕೂ ಮುಂಚೆ ನಮ್ಮ ಕಡೆಯದು ಒಂದೆರಡು ಮಾತು. ಹರ್ತಿಯ ಪಾರ್ವತಿ ಪರಮೇಶ್ವರ ಗುಡಿಯ ಕೆತ್ತನೆ ಚಾಲುಕ್ಯರ ಕಾಲದ್ದು. ಆ ವಂಶದ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಚದುರಂಗ ಇದೆ, ಪಗಡಿ ಇದೆ, ಕವಡಿ ಆಟವೂ ಇದೆ. ಎಲಿ ಆಟ ಬಂದದ್ದು ಆಮೇಲೆ, ಗಂಜೀಫಾ ಅನ್ನೋ ಪರ್ಷಿಯನ್ ಹೆಸರಿನ ಜೊತೆ. ಬಾಬರ್ 1527ರಲ್ಲಿ ಸಿಂಧಿನ ಷಾ ಹಸನನಿಗೆ ಗಂಜೀಫಾ ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಗಂಜೀಫಾ ಎಲಿ ದುಂಡಗೆ. ಮೊಘಲರ ಕಟ್ಟಿನಲ್ಲಿ 8 ಬಣ್ಣ, ಬಣ್ಣಕ್ಕೆ 12 ಎಲಿ, ಒಟ್ಟು 96. ಅದರಲ್ಲೊಂದು ಬಣ್ಣದ ಹೆಸರು ಗುಲಾಮ. ನಾವು ಇವತ್ತಿಗೂ ರಾಣಿಯ ಕೆಳಗಿನ ಎಲಿಗೆ ಗುಲಾಮ ಅಂತೀವಲ್ಲ, ನೆನಪಿರಲಿ. ದಖ್ಖನ್‌ಗೆ ಬಂದ ಮೇಲೆ ದಶಾವತಾರ ಗಂಜೀಫಾ ಆಯ್ತು: ಮತ್ಸ್ಯ, ಕೂರ್ಮ, ವರಾಹ ಹೀಗೆ 10 ಬಣ್ಣ, 120 ಎಲಿ. ಮೂವರು ಕೂತರೆ ಒಬ್ಬೊಬ್ಬನಿಗೆ ನಲವತ್ತು. ಹಗಲಾದರೆ ರಾಮನ ರಾಜನಿದ್ದವನು ಆಟ ಶುರು ಮಾಡಬೇಕು, ರಾತ್ರಿಯಾದರೆ ಕೃಷ್ಣನ ರಾಜನಿದ್ದವನು. ಹುಕುಂ ಅಂತ ಇಲ್ಲ, ಅಂದರೆ ತುರುಫಿನಿಂದ ಬಚಾವಾಗೋ ದಾರಿ ಬಂದ್. ಅದರ ಮೇಲೆ ಇನ್ನೊಂದು ಪೇಚು: ರಾಜ, ಮಂತ್ರಿ ಬಿಟ್ಟರೆ ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಒಂದು ಸಣ್ಣದು. ಉಳಿದರ್ಧದಲ್ಲಿ ಉಲ್ಟಾ. ಯಾವ ಎಲಿ ಬಿತ್ತು, ಯಾವುದು ಇನ್ನೂ ಕೈಯಾಗೈತಿ ಅಂತ ತಲಿಯೊಳಗೇ ಲೆಕ್ಕ ಇಡಬೇಕು. ಆಟದ ಜೀವವೆಲ್ಲ ಆ ನೆನಪಿನಲ್ಲೇ.

ಈಗ ಅರಸನ ಕತಿ. ಮುಮ್ಮಡಿ ಕೃಷ್ಣರಾಜ ಒಡೆಯರು, ಹುಟ್ಟಿದ್ದು 1794. ಟಿಪ್ಪು ಬಿದ್ದ ಮೇಲೆ 1799ರಲ್ಲಿ ಐದು ವರ್ಷದ ಕೂಸನ್ನು ಗಾದಿ ಮೇಲೆ ಕೂರಿಸಿದರು. 1831ರಲ್ಲಿ ಬ್ರಿಟಿಷರು ಆಡಳಿತ ಕಸಿದುಕೊಂಡರು. ಸಿಂಹಾಸನ ಉಳೀತು, ಕೆಲಸ ಹೋಯ್ತು. ಅಲ್ಲಿಂದ 1868ರಲ್ಲಿ ತೀರಿಕೊಳ್ಳೋವರೆಗೆ 37 ವರ್ಷ! ಆ ಮನುಷ್ಯ ಸುಮ್ಮನೆ ಕೂರಲಿಲ್ಲ. ಚದುರಂಗದ ಕುದುರೆಯನ್ನು ಪ್ರತಿ ಮನೆಗೂ ಒಂದೇ ಸಲ ಓಡಿಸಿ, ಆ ಓಟದ ಅಂಕಿಗಳೇ ಮಾಯಾಚೌಕ ಆಗೋ ಹಾಗೆ ಮಾಡಿದರು. ಗಣಿತದವರು ಇವತ್ತಿಗೂ ಅದನ್ನು ನೆನೆಸುತ್ತಾರೆ.

ಅವರ ಹೆಸರಿನ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕ ನಿಧಿ. ಅದರಲ್ಲಿ 13 ಎಲಿ ಆಟ ಇವೆ. ಆಟಗಳಿಗೆ 'ಛದ' ಅಂತ ಹೆಸರು. ಸಂಸ್ಕೃತದಲ್ಲಿ ಛದ ಅಂದರೂ ಎಲೆಯೇ! ಚಾಮುಂಡೇಶ್ವರಿ ಛದಕ್ಕೆ 16 ಬಣ್ಣ, 320 ಎಲಿ. ಜಗನ್ಮೋಹನ ಛದಕ್ಕೆ 18 ಬಣ್ಣ, 360 ಎಲಿ. ನಮ್ಮ ಇಸ್ಪೀಟಿನ ಸುಮಾರು ಏಳು ಕಟ್ಟು ಒಂದೇ ಆಟಕ್ಕೆ.

120 ಎಲಿ ನೆನಪಿಡೋದೇ ಕಷ್ಟ ಅನ್ನೋ ಕಾಲದಲ್ಲಿ 360 ಯಾಕೆ? ಇದು ನನ್ನ ಅನಿಸಿಕೆ: ಕೈಯಿಂದ ರಾಜ್ಯ ಹೋದವನಿಗೆ ತಾನೇ ಕಾಯಿದೆ ಮಾಡಬಹುದಾದ ಒಂದು ಜಾಗ ಬೇಕಿತ್ತು. ಸರಳ ಆಟ ಅವನ ಹಸಿವಿಗೆ ಸಾಲುತ್ತಿರಲಿಲ್ಲ. ಅದನ್ನು ಶೋಕಿ ಅಂತ ನಗೋವರಿದ್ದಾರೆ. ನನಗೆ ನಗು ಬರಲ್ಲ.

ಆದರೆ ಆಟ ಉಳೀಲಿಲ್ಲ. ಗಂಜೀಫಾ ಎಲಿ ಒಂದೊಂದೂ ಕೈಯಲ್ಲಿ ಬರೀಬೇಕು. ಬಟ್ಟೆ, ಹುಣಸೆ ಬೀಜದ ಅಂಟು, ಬಣ್ಣ, ಮೇಲೆ ಅರಗು. ಅಷ್ಟರಲ್ಲಿ ಯುರೋಪಿನ ಅಚ್ಚಿನ ಎಲಿ ಅಗ್ಗಕ್ಕೆ ಬಂತು: 4 ಬಣ್ಣ, 52 ಎಲಿ. ಇಸ್ಪೀಟು, ಆಟೀನು, ಕಳಾವರ, ಡೈಮನ್ನು. ಬೆಲೆಗಿಂತ ದೊಡ್ಡ ಕಾರಣ ಬೇರೆ ಅನ್ನಿಸುತ್ತೆ ನನಗೆ. ಗಂಜೀಫಾದಲ್ಲಿ ಎಲ್ಲರಿಗೂ ಸೇರಿ ಒಂದೇ ಕಟ್ಟು. ಕಷ್ಟ ನಿನಗಷ್ಟೇ ಅಲ್ಲ, ಎದುರಿಗೆ ಕೂತವನಿಗೂ ಬರಬೇಕು. 360 ಎಲಿ ಕಲಿತು ಎದುರಿಗೆ ಕೂರೋ ಇಬ್ಬರು ಸಿಗದಿದ್ದರೆ ಅರಸನ ಆಟವೂ ಪೆಟ್ಟಿಗೆಯೊಳಗೇ. ಬೆಳಗಾವಿ ಆಚೆ ಘಟ್ಟ ಇಳಿದರೆ ಸಿಗೋ ಸಾವಂತವಾಡಿಯಲ್ಲಿ 120ರ ದಶಾವತಾರ ಕಟ್ಟು ಹೇಗೋ ಜೀವ ಹಿಡಿದುಕೊಂಡಿತ್ತು. 1970ರ ದಶಕದಲ್ಲಿ ಅಲ್ಲಿನ ರಾಜಮನೆತನವೇ ನಿಂತು ಆ ಕಸುಬನ್ನು ಮತ್ತೆ ಎತ್ತಿತು. ಮೈಸೂರು ಶೈಲಿಯನ್ನು ನಮ್ಮ ಕಾಲಕ್ಕೆ ತಂದವರು ಶ್ರೀರಂಗಪಟ್ಟಣದ ಗಂಜೀಫಾ ರಘುಪತಿ ಭಟ್ಟರು. ಚಿತ್ರ ಉಳೀತು. ಆಟ ಆಡೋರು ಬೆರಳೆಣಿಕೆ.

ಇಷ್ಟು ಕೇಳಿ ಹುಡುಗ ಅಂದ, "ಹಂಗಾರ ಸರಳ ಡೆಕ್ಕೇ ಒಯ್ಯಂತೀ?"

ಅಲ್ಲ. ಅಲ್ಲೇ ಅವನ ಆಟ ಬೇರೆ. ಅವನ ಡೆಕ್ಕಿನ ಕಷ್ಟ ಎದುರಾಳಿ ಕಲಿಯೋದೇ ಬ್ಯಾಡ. ಕಷ್ಟವೆಲ್ಲ ಇವನೊಬ್ಬನ ಪಾಲಿಗೆ. ಎದುರಿನವನಿಗೆ ಆ ಹತ್ತು ಎಲಿಯಲ್ಲಿ ಯಾವುದನ್ನು ತಡೀಬೇಕು ಅಂತ ಗೊತ್ತಿಲ್ಲದಿದ್ದರೆ ಅದೇ ಇವನಿಗೆ ಲಾಭ. ಆದರೆ ಅರಸನಿಗೆ ಇಲ್ಲದ ಒಂದು ವೈರಿ ಇವನಿಗೈತಿ: ಗಡಿಯಾರ. ಒಂದು ಸುತ್ತಿಗೆ 50 ನಿಮಿಷ, ಅದರೊಳಗೆ ಮೂರರಲ್ಲಿ ಎರಡು ಆಟ ಗೆಲ್ಲಬೇಕು. ಹೊತ್ತು ಮುಗಿದರೆ ಇನ್ನೈದು ಸರದಿ, ಆಮೇಲೆ ಡ್ರಾ. ಮುಂಜಾನೆ ಮೊದಲ ಸುತ್ತಿನಲ್ಲಿ ಹತ್ತು ಎಲಿಯ ಲೆಕ್ಕ ಸಲೀಸು. ಸಂಜಿ ಆರನೇ ಸುತ್ತಿಗೆ ತಲಿ ಕಾದಿರ್ತದ.

"ಹೋದ ಸಲ ಸೋತದ್ದು ಹೆಂಗ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. "ಸೋಲಲಿಲ್ಲ ಮಾಮಾ. ಎರಡು ಡ್ರಾ. ಟೈಮ್ ಮುಗೀತು."

ಸರಳ ಡೆಕ್ಕಿನ ಡಬ್ಬಿ ಮುಚ್ಚಿ ಬ್ಯಾಗಿಗೆ ಹಾಕಿದ. ನನ್ನ ಫೋನಿನಲ್ಲಿ 50 ನಿಮಿಷಕ್ಕೆ ಅಲಾರಂ ಇಡಿಸಿ, ಕಷ್ಟದ್ದನ್ನು ಕಟ್ಟಿ ಮೇಲೆ ಹರವಿ ಕೂತ. ಎದುರಿಗೆ ಯಾರೂ ಇರಲಿಲ್ಲ, ಎರಡೂ ಕಡೆ ತಾನೇ ಆಡಿದ. ಮೊದಲ ಸಲ ಅಲಾರಂ ಹೊಡೆದಾಗ ಎರಡನೇ ಆಟ ಅರ್ಧಕ್ಕಿತ್ತು. ರಾತ್ರಿ ಊಟಕ್ಕೆ ಅವ್ವ ಮೂರನೇ ಸಲ ಕರೆಯೋ ಹೊತ್ತಿಗೆ 41 ನಿಮಿಷಕ್ಕೆ ಬಂದಿದ್ದ. ಕೊನೇ ಫೋಟೋ ಆಗ ತೆಗೆದದ್ದು. ಭಾನುವಾರ ಇನ್ನೂ ನಾಲ್ಕು ದಿನ ಐತಿ.

#ಹರ್ತಿ #ಗದಗ #ಗಂಜೀಫಾ #ಎಲಿಕಟ್ಟಿನಕಥಿ